ವೀಡ್ ಕಟರ್: ಬೆನ್ನಿಗೆ ಹಾಕೋದು ಒಳ್ಳೇದಾ, ಹೆಗಲಿಗೆ ನೇತಾಕೋದಾ?

ತೋಟಕ್ಕೆ ಯಾವ ವೀಡ್ ಕಟರ್ (ಕಳೆ ಹುಲ್ಲು ಕೊಯ್ಯೋ ಮೆಷಿನ್) ತಗೊಳ್ಳೋದು ಅಂತ ಕೇಳೋರೆಲ್ಲ ಕಂಪನಿ ಯಾವುದು, ಪೆಟ್ರೋಲ್ ಎಷ್ಟು ಕುಡಿಯುತ್ತೆ ಅಂತಾನೇ ಕೇಳ್ತಾರೆ, ಸಂಜೆ ಹೊತ್ತಿಗೆ ಭುಜ ಸೊಂಟ ಏನಾಗಿರುತ್ತೆ ಅಂತ ಕೇಳೋರು ಕಮ್ಮಿ. ನಮ್ಮನೇಲಿ ಹೆಗಲಿಗೆ ನೇತಾಕೋ ಸೈಡ್ ಪ್ಯಾಕ್, ಬೆನ್ನಿಗೆ ಹಾಕೋ ಬ್ಯಾಕ್ ಪ್ಯಾಕ್ ಎರಡೂ ಇದೆ, ಎರಡೂ 35 ಸಿಸಿ ಫೋರ್ ಸ್ಟ್ರೋಕ್ ಇಂಜಿನ್, ಅಡಿಕೆ ತೋಟ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡುಗುಡ್ಡ) ಎರಡು ಕಡೆನೂ ಹೊಡೆದಿದೀನಿ.

ಸೈಡ್ ಪ್ಯಾಕ್ 7–8 ಕೆಜಿ, ಬ್ಯಾಕ್ ಪ್ಯಾಕ್ 10 ಕೆಜಿ ಆಸುಪಾಸು. ಹಂಗಂತ ಹಗುರ ಇರೋದೇ ಆರಾಮ ಅನ್ಕೋಬೇಡಿ. ಸೈಡ್ ಪ್ಯಾಕ್ ಜೊತೆ ಬರೋ ಒಂಟಿ ಬೆಲ್ಟ್ ಹಾಕ್ಕೊಂಡ್ರೆ ಭಾರ ಎಲ್ಲಾ ಒಂದೇ ಹೆಗಲಿಗೆ ಬಿದ್ದು ಕುತ್ತಿಗೆ ಹಿಡ್ಕೊಳ್ಳುತ್ತೆ, ಅದೇ ಮೆಷಿನ್‌ಗೆ ಎರಡೂ ಹೆಗಲಿಗೆ ಬರೋ, ಸೊಂಟಕ್ಕೆ ಪ್ಲೇಟ್ ಇರೋ ಬೆಲ್ಟ್ ಹಾಕಿದ್ರೆ ಬೇರೆ ಮೆಷಿನ್ ಹಿಡ್ದಂಗಾಗುತ್ತೆ. ಕೊಕ್ಕೆ ಹಾಕೋ ಜಾಗ ಹಿಂದೆ ಮುಂದೆ ಮಾಡಿ, ಕೈ ಬಿಟ್ರೂ ಬ್ಲೇಡ್ ನೆಲದಿಂದ ಒಂದು ಗೇಣು ಮೇಲೆ ತಾನಾಗೇ ನಿಲ್ಲೋ ಹಂಗೆ ಹೊಂದಿಸ್ಕೊಳ್ಳಿ. ಆಮೇಲೆ ಕೈ ಕೆಲಸ ಬರೀ ದಾರಿ ತೋರಿಸೋದು, ಬೀಸೋದು ಸೊಂಟದಿಂದ. ಸಮತಟ್ಟು ಜಾಗಕ್ಕೆ ನನ್ನ ಓಟು ಸೈಡ್ ಪ್ಯಾಕ್‌ಗೇ.

ಬೆಟ್ಟದ ಇಳಿಜಾರಲ್ಲಿ ಮಾತ್ರ ಸೈಡ್ ಪ್ಯಾಕ್ ಕಷ್ಟ, ಅಗಲದ ಹ್ಯಾಂಡಲ್ ಪಕ್ಕದ ಮಣ್ಣಿನ ದರೆಗೆ ತಾಗುತ್ತೆ, ಉದ್ದನೆ ಕೋಲು ತಿರುಗಿಸೋಕೆ ಜಾಗ ಸಿಗಲ್ಲ, ಕಾಲು ಬೇರೆ ಜಾರ್ತಿರುತ್ತೆ. ಅಲ್ಲಿ ಬ್ಯಾಕ್ ಪ್ಯಾಕ್ ಗೆಲ್ಲುತ್ತೆ, ಬಸಿಗಾಲುವೆ ಅಂಚಿಗೂ ಅದೇ ಸಲೀಸು, ಯಾಕಂದ್ರೆ ಇಂಜಿನ್ ಬೆನ್ನಲ್ಲಿ, ಅಲ್ಲಿಂದ ಕೋಲಿಗೆ ಬರೋ ಕೇಬಲ್ ಬಗ್ಗುತ್ತೆ, ಕೋಲು ಬೇಕಾದ ಕಡೆ ತಿರುಗುತ್ತೆ. ಆದ್ರೆ ಆ ಕೋಲನ್ನ ಹಿಡಿಯೋ ಬೆಲ್ಟ್ ಇಲ್ಲ, ಪೂರ್ತಿ ಮುಂಗೈ ಮೇಲೆ. ಬೆನ್ನಿಗೆ ಬಿಸಿನೂ ಅದುರೋದೂ ಎರಡೂ ಬರುತ್ತೆ, ಹೆಜ್ಜೇನು ಎದ್ರೆ ಅಥವಾ ಬಿದ್ರೆ ತಕ್ಷಣ ಕಳಚೋದು ಸೈಡ್ ಪ್ಯಾಕ್‌ನಷ್ಟು ಸುಲಭ ಅಲ್ಲ. ಕಳಚೋದನ್ನ ಇಂಜಿನ್ ಆಫ್ ಇರೋವಾಗ ಅಭ್ಯಾಸ ಮಾಡ್ಕೊಂಡೇ ಬೆಟ್ಟ ಹತ್ತಿ.

ಕೈ ಜೋಮು ಹಿಡಿಯೋ ವಿಚಾರ ಯಾರೂ ಸೀರಿಯಸ್ ಆಗಿ ತಗೊಳಲ್ಲ. ದಿನಗಟ್ಲೆ, ವರ್ಷಗಟ್ಲೆ ಅದುರಿದ್ರೆ ಬೆರಳಿನ ನರ, ರಕ್ತನಾಳಕ್ಕೆ ಪೆಟ್ಟು ಬಿದ್ದು, ಚಳಿ ಮಳೇಲಿ ಬೆರಳ ತುದಿ ಬಿಳಿಚಿಕೊಳ್ಳೋಕೆ ಶುರುವಾಗುತ್ತೆ. ಯುರೋಪಿನ ನಿಯಮದಲ್ಲಿ ಕೈಗೆ ಬರೋ ಅದುರು 8 ಗಂಟೆ ಕೆಲಸಕ್ಕೆ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ (ಅದುರು ಅಳೆಯೋ ಲೆಕ್ಕ) ದಾಟಿದ್ರೆ ಮಾಲೀಕ ಕ್ರಮ ತಗೋಬೇಕು, 5 ದಾಟಂಗೇ ಇಲ್ಲ. ಲೆಕ್ಕ ಹೆಂಗಂದ್ರೆ ಅದುರೋದು ಡಬಲ್ ಆದ್ರೆ ಕೆಲಸದ ಟೈಮು ಕಾಲು ಭಾಗಕ್ಕೆ ಇಳೀಬೇಕು, ಅದಕ್ಕೇ ಮೆಷಿನ್ ಪುಸ್ತಕದಲ್ಲಿ ಎಡ ಬಲ ಹ್ಯಾಂಡಲ್‌ಗೆ ಎಷ್ಟು ಅಂತ ನೋಡಿ ತಗೊಳ್ಳಿ. ಬ್ಲೇಡ್ ಸೊಟ್ಟ ಆಗಿದ್ರೆ, ನೈಲಾನ್ ದಾರ ಒಂದು ಕಡೆ ಗಿಡ್ಡ ಆಗಿದ್ರೆ ಎಂಥಾ ಮೆಷಿನ್ನೂ ಅದುರುತ್ತೆ. ನಮ್ಮಲ್ಲಿ ಒಂದು ಟ್ಯಾಂಕ್ ಖಾಲಿಯಾದ್ರೆ ಆಳು ಬದಲು, ಕಟರ್ ಹೊಡೆಯೋಕೆ ಬರೋ ಹುಡುಗರ ಕೈ ನಮ್ಮ ಕೈಯಷ್ಟೇ ಮುಖ್ಯ.

ದಾರ ಹಾಕ್ಬೇಕಾ ಬ್ಲೇಡಾ ಅನ್ನೋದು ಇನ್ನೊಂದು ಜಗಳ. ಎಳೆ ಹುಲ್ಲಿಗೆ ದಾರ ಚೆಂದ, ಸ್ಪ್ರಿಂಕ್ಲರ್ ಪೈಪ್ ಹತ್ರ ಬ್ಲೇಡ್‌ಗಿಂತ ವಾಸಿ, ಆದ್ರೆ ಕಲ್ಲು ಹಾರಿಸೋದ್ರಲ್ಲಿ ಅದನ್ನ ಮೀರ್ಸೋದು ಇನ್ನೊಂದಿಲ್ಲ, ಮರದ ಬುಡದ ಮೆಣಸಿನ ಬಳ್ಳಿ ಸಿಪ್ಪೆನೂ ಸುಲಿಯುತ್ತೆ, ಬುಡದಲ್ಲಿ ಕತ್ತಿನೇ ಸರಿ. ಬೆಟ್ಟದ ಲಂಟಾನಕ್ಕೆ ಬ್ಲೇಡೇ ಬೇಕು. ಬ್ಲೇಡ್ ಮೇಲಿಂದ ನೋಡಿದ್ರೆ ಗಡಿಯಾರದ ಉಲ್ಟಾ ತಿರುಗುತ್ತೆ, ಹಾಗಾಗಿ ಬಲದಿಂದ ಎಡಕ್ಕೆ ಬೀಸಿ ಬ್ಲೇಡಿನ ಎಡಭಾಗದಲ್ಲಿ ಕೊಯ್ಯಿ, ಬಲ ಮುಂಭಾಗ ಕಡಿದ ಮರದ ಕುಂಟೆಗೆ ತಾಗಿದ್ರೆ ಮೆಷಿನ್ ಎಗರಿ ಬಲಕ್ಕೆ ಹೊಡೆಯುತ್ತೆ. 15 ಮೀಟರ್ ಒಳಗೆ ಮಕ್ಕಳು, ನಾಯಿ ಯಾರೂ ಬೇಡ. ಬ್ಲೇಡ್‌ಗೆ ಅಡ್ಡ ಇರೋ ಗಾರ್ಡ್ ಬಿಚ್ಚಿ ಹೊಡೆಯೋರ ಕೈಗೆ ನಾನಂತೂ ನಮ್ಮ ಮೆಷಿನ್ ಕೊಡಲ್ಲ.

ಒಂದೇ ಮೆಷಿನ್ ತಗೊಳ್ಳೋದಾದ್ರೆ ತೋಟ ಜಾಸ್ತಿ ಇರೋರು ಸೈಡ್ ಪ್ಯಾಕ್ ತಗೊಂಡು ಉಳಿದ ದುಡ್ಡು ಜೋಡಿ ಬೆಲ್ಟ್, ಮುಖದ ಜಾಲರಿ, ಇಯರ್ ಮಫ್, ಗಟ್ಟಿ ಬೂಟಿಗೆ ಹಾಕಿ. ಬೆಟ್ಟವೇ ಜಾಸ್ತಿ ಅಂದ್ರೆ ಬ್ಯಾಕ್ ಪ್ಯಾಕ್, ಆದ್ರೆ ಅಂಗಡೀಲೇ ಬೆನ್ನಿಗೆ ಹಾಕ್ಕೊಂಡು, ಸ್ಟಾರ್ಟ್ ಮಾಡಿಸಿ, ಸ್ವಲ್ಪ ಹೊತ್ತು ಕೋಲು ಹಿಡ್ಕೊಂಡು ನಿಂತು ನೋಡಿ ಆಮೇಲೆ ದುಡ್ಡು ಕೊಡಿ.