ಲೈಬ್ರರಿ ನಗೆಗೆ ಯಾವುದು ವಾಸಿ: ಮೀಮ್ ಪ್ಯಾಕಾ, ಹಳೇ ಪ್ರಶ್ನೆ ಚೀಟಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಹಳೇ ಪ್ರಶ್ನೆ ಚೀಟಿಗಳಿಗೆ, ಅಂದರೆ ಹಿಂದೆ ಜನ ಅಲ್ಲಿ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟ ಚೀಟಿಗಳಿಗೆ. ಉಳಿದವೂ ನಗಿಸುತ್ತವೆ, ಆದರೆ ನನ್ನ ಕೆಲಸಕ್ಕೆ ಒದಗಿದ್ದು ಇವೇ. ಕೆಲಸ ಅಂದರೆ ಇಷ್ಟೇ: ಪುಸ್ತಕ ಕೊಡುವ ಕೌಂಟರ್ ಪಕ್ಕದ ಬೋರ್ಡಿಗೆ ವಾರಕ್ಕೊಂದು ನಗೆ ಅಂಟಿಸಬೇಕು. ಸಾಲಿನಲ್ಲಿ ನಿಂತವರು ಓದಿ ನಗಬೇಕು. ಆಮೇಲೆ ಯಾರಾದರೂ 'ಇದು ನಿಜಾನಾ?' ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಬೇಕು. ಲೈಬ್ರರಿಯನ್ ಆಗಿ 'ಗೊತ್ತಿಲ್ಲ, ಎಲ್ಲೋ ಆನ್‌ಲೈನ್‌ನಲ್ಲಿ ಸಿಕ್ತು' ಅನ್ನೋಕಾಗುತ್ತಾ?

ಹೋಲಿಸಿ ನೋಡುವ ಹಾಗೆ ಮಾಡಿದ್ದು ದುಡ್ಡು ಕೊಟ್ಟು ತಗೊಂಡ ಒಂದು ಮೀಮ್ ಪ್ಯಾಕ್. ಮಾರಿದವರ ಹೆಸರು ಬೇಡ. ಲೈಬ್ರರಿ ಜೋಕುಗಳ ಚಿತ್ರ ನೂರಾರು ಇವೆ, ಪ್ರಿಂಟ್ ತೆಗೆದು ಅಂಟಿಸಬಹುದು ಅಂತ ಬರೆದಿದ್ದರು. ಮಾದರಿಗೆ ಇಟ್ಟ ಚಿತ್ರಗಳು ಲಕ್ಷಣವಾಗಿದ್ದವು. ಡೌನ್‌ಲೋಡ್ ಮಾಡಿ ತೆಗೆದರೆ ಮುಕ್ಕಾಲು ಪಾಲು ಮಸುಕು. ಮೊಬೈಲಿನಲ್ಲಿ ಪರವಾಗಿಲ್ಲ, ಆದರೆ ಎ4 ಹಾಳೆಗೆ ಬಂದ ಕೂಡಲೇ ಅಕ್ಷರಗಳ ಸುತ್ತ ಕೊಳೆ ಹತ್ತಿದ ಹಾಗೆ ಕಾಣುತ್ತದೆ. ಇಂಥ ಚಿತ್ರಗಳು ಸಾಮಾನ್ಯವಾಗಿ ಇರುವ ಜೆಪೆಗ್ ಫೈಲಿನ ಸ್ವಭಾವವೇ ಹಾಗೆ. ಪ್ರತಿ ಸಲ ಗಾತ್ರ ಕುಗ್ಗಿಸಿ ಸೇವ್ ಮಾಡಿದಾಗ ಒಂದಿಷ್ಟು ವಿವರ ಬಿಟ್ಟುಹೋಗುತ್ತದೆ, ಮತ್ತೆ ಬರುವುದಿಲ್ಲ. ಹತ್ತು ಕೈ ದಾಟಿ ಬಂದ ಮೀಮ್ ಅಂದರೆ ಜೆರಾಕ್ಸಿನ ಜೆರಾಕ್ಸ್.

ಮಸುಕನ್ನಾದರೂ ಸಹಿಸಬಹುದಿತ್ತು. ನನಗೆ ತಲೆಕೆಟ್ಟಿದ್ದು ಕತ್ತರಿಸಿದ ಮೂಲೆಗಳಿಂದ. ಚಿತ್ರ ಬರೆದವರು ತಮ್ಮ ಹೆಸರನ್ನು ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಹಾಕಿರುತ್ತಾರೆ, ಅಲ್ವಾ? ಈ ಪ್ಯಾಕ್‌ನಲ್ಲಿ ಆ ಮೂಲೆಯೇ ಇಲ್ಲ. ಒಂದರಲ್ಲಂತೂ ಸಹಿಯ ಅರ್ಧ ಉಳಿದಿತ್ತು, ಮೊದಲ ಎರಡು ಅಕ್ಷರ ಮಾತ್ರ. ಯಾರದು ಅಂತ ಹುಡುಕಲು ಚಿತ್ರವನ್ನೇ ಸರ್ಚ್‌ಗೆ ಹಾಕಿದೆ. ಅದೇ ಚಿತ್ರ ಬೇರೆ ಬೇರೆ ಪುಟಗಳಲ್ಲಿ ಸಿಕ್ಕಿತು, ಒಂದೊಂದರಲ್ಲಿ ಒಂದೊಂದು ಮಾತು, ಒಂದು ಕಡೆ ಲೈಬ್ರರಿಯನ್ ಬಗ್ಗೆ ಇದ್ದದ್ದು ಇನ್ನೊಂದು ಕಡೆ ಅಕೌಂಟೆಂಟ್ ಬಗ್ಗೆ ಆಗಿದೆ, ಮೊದಲು ಹಾಕಿದವರು ಯಾರು ಅಂತ ಎಲ್ಲೂ ಇಲ್ಲ. ಕರ್ತೃ ಇಲ್ಲ, ವರ್ಷ ಇಲ್ಲ, ಮೂಲ ಇಲ್ಲ. ಪುಸ್ತಕವಾಗಿದ್ದರೆ ಕ್ಯಾಟಲಾಗ್ ಕಾರ್ಡಿನಲ್ಲಿ ಏನು ಬರೆಯುತ್ತಿದ್ದೆ ನಾನು?

ಇನ್ನೊಂದು ತೊಂದರೆ ಇದೇ ಗುಂಪಿಗೆ ಸೇರುತ್ತದೆ. ಒಮ್ಮೆ ನೋಡಿ ನಕ್ಕ ಮೀಮ್ ಮತ್ತೆ ಬೇಕಾದಾಗ ಸಿಗುವುದಿಲ್ಲ. ಮಾತು ಚಿತ್ರದೊಳಗೆ ಇದೆ, ಫೈಲಿನ ಹೆಸರು ಬರೀ ಸಂಖ್ಯೆ. ದುಡ್ಡು ವಾಪಸ್ ಕೇಳಿದೆ, ಡೌನ್‌ಲೋಡ್ ಆದಮೇಲೆ ಕೊಡಲ್ಲ ಅಂದರು.

ಹಾಗಂತ ಮೀಮ್ ಅಂದರೆ ಕಸ ಅಂತಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಇಂಟರ್ನೆಟ್ ಸಂಸ್ಕೃತಿಯ ಒಂದು ಸಂಗ್ರಹವನ್ನೇ ತೆರೆಯಿತು. ನೋ ಯುವರ್ ಮೀಮ್, ಗಿಫಿ, ಅರ್ಬನ್ ಡಿಕ್ಷನರಿಯಂಥ ತಾಣಗಳೆಲ್ಲ ಅದರಲ್ಲಿವೆ. ನೋಡಿಕೊಳ್ಳುವುದು ಅಲ್ಲಿನ ಜಾನಪದ ವಿಭಾಗ. ಗಾದೆ, ಒಗಟು ಕೂಡಿಡುವವರ ಕೈಗೇ ಇದನ್ನೂ ಕೊಟ್ಟಿದ್ದು ನನಗೆ ತುಂಬಾ ಸರಿ ಅನಿಸಿತು. ಅದು ಓದಿ ತಿಳಿಯೋಕೆ ಚೆನ್ನ. ಬೋರ್ಡಿಗೆ ಮಾತ್ರ ಆಗಲ್ಲ.

ಈಗ ನನ್ನ ಚೀಟಿಗಳಿಗೆ ಬರೋಣ. 2014ರ ಕೊನೆಗೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯವರು ಒಂದು ಹಳೇ ಡಬ್ಬಿಯ ಚೀಟಿಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕತೊಡಗಿದರು. ಗೂಗಲ್ ಇಲ್ಲದ ಕಾಲದಲ್ಲಿ ಜನ ಬಂದು, ಇಲ್ಲವೇ ಫೋನ್ ಮಾಡಿ ಕೇಳಿದ ಪ್ರಶ್ನೆಗಳು ಅವು. 1944ರಲ್ಲಿ ಒಬ್ಬರು ಕೇಳುತ್ತಾರೆ, ಮನೆಯಲ್ಲಿ ಆಕ್ಟೋಪಸ್ ಸಾಕಬಹುದಾ? ಕನಸಿನಲ್ಲಿ ಆನೆ ಅಟ್ಟಿಸಿಕೊಂಡು ಬಂದರೆ ಏನರ್ಥ ಅಂತ ಇನ್ನೊಬ್ಬರು. 1976ರಲ್ಲಿ ಒಬ್ಬರಿಗೆ ಬಂದ ಅನುಮಾನ ನನಗೆ ಎಲ್ಲಕ್ಕಿಂತ ಇಷ್ಟ: 18ನೇ ಶತಮಾನದ ಇಂಗ್ಲಿಷ್ ಚಿತ್ರಗಳಲ್ಲಿ ಇಷ್ಟೊಂದು ಅಳಿಲುಗಳು ಯಾಕಿವೆ, ಚಿತ್ರಕಾರನನ್ನು ಕಚ್ಚದ ಹಾಗೆ ಅವನ್ನು ಹೇಗೆ ಪಳಗಿಸಿದರು?

ಈ ಪ್ರಶ್ನೆ ಕೇಳಿದವರು ಪೆದ್ದರಲ್ಲ. 18ನೇ ಶತಮಾನದಲ್ಲಿ ಅಳಿಲನ್ನು ನಿಜವಾಗಿಯೂ ಮನೆಯಲ್ಲಿ ಸಾಕುತ್ತಿದ್ದರು, ಚಿತ್ರಗಳಲ್ಲಿ ಕುತ್ತಿಗೆಗೆ ಸರಪಳಿ ಕಟ್ಟಿದ ಅಳಿಲುಗಳೂ ಇವೆ. ಅಂದರೆ ಇವರು ಚಿತ್ರವನ್ನು ಸರಿಯಾಗಿಯೇ ನೋಡಿದ್ದಾರೆ. ನಗು ಬರುತ್ತದೆ, ಬೆನ್ನಿಗೇ ಹೌದಲ್ಲ, ಯಾಕೆ ಅಂತ ನಮಗೂ ಅನಿಸುತ್ತದೆ. ಬೋರ್ಡಿಗೆ ಹಾಕಿದ ದಿನ ಕಲೆಯ ಕಪಾಟಿನ ಕಡೆ ಹೋದವರು ಜಾಸ್ತಿ. ಮೀಮ್ ಯಾವತ್ತೂ ಯಾರನ್ನೂ ಕಪಾಟಿಗೆ ಕಳಿಸಿಲ್ಲ. ಜೊತೆಗೆ ಚೀಟಿಯ ಮೇಲೆ ಎಷ್ಟೋ ಸಲ ವರ್ಷ ಇರುತ್ತದೆ, ಯಾವ ಲೈಬ್ರರಿ ಅಂತಲೂ ಗೊತ್ತು. ಚೀಟಿಗಳನ್ನು ಆರಿಸಿ 2019ರಲ್ಲಿ ಪುಸ್ತಕವನ್ನೂ ಮಾಡಿದರು. ಅದನ್ನು ಕೊಂಡೆ, ಆ ದುಡ್ಡು ದಂಡ ಅನಿಸಿಲ್ಲ.

ಎರಡನೇ ಸ್ಥಾನ ಆಫುಲ್ ಲೈಬ್ರರಿ ಬುಕ್ಸ್‌ಗೆ. ಅಮೆರಿಕದ ಮಿಶಿಗನ್‌ನ ಇಬ್ಬರು ಲೈಬ್ರರಿಯನ್‌ಗಳು 2009ರಿಂದ ನಡೆಸುತ್ತಿರುವ ತಾಣ. ಕಪಾಟಿನಿಂದ ಯಾವತ್ತೋ ತೆಗೆಯಬೇಕಿದ್ದ ಪುಸ್ತಕಗಳ ಮುಖಪುಟ ಹಾಕಿ ಎರಡು ಮಾತು ಬರೆಯುತ್ತಾರೆ. ಹಳಸಿದ ಕಂಪ್ಯೂಟರ್ ಪಾಠ, ಕಾಲ ಮೀರಿದ ಆರೋಗ್ಯ ಸಲಹೆ, ಇಂಥವು. ನಗು ಗ್ಯಾರಂಟಿ. ಆದರೆ ಅದು ಒಳಮನೆಯ ನಗು. ಬೋರ್ಡಿಗೆ ಹಾಕಿದರೆ ಪುಸ್ತಕ ಬಿಸಾಡುತ್ತೀರಾ ಅಂತ ಓದುಗರು ಜಗಳಕ್ಕೇ ಬರುತ್ತಾರೆ. ಸಿಬ್ಬಂದಿ ಕೋಣೆಗೆ ಇಟ್ಟುಕೊಂಡಿದ್ದೇನೆ.

ಪುಸ್ತಕದ ಮುಖಪುಟವನ್ನು ಮುಖಕ್ಕೆ ಅಡ್ಡ ಹಿಡಿದು ತೆಗೆಸುವ ಬುಕ್‌ಫೇಸ್ ಫೋಟೋ: ಮೊದಲ ಸಲ ಚಂದ, ಎರಡನೇ ಸಲ ಸಾಕು.

ಕಂಪ್ಯೂಟರ್ ಬಲ್ಲ ಓದುಗರು ಜಾಸ್ತಿ ಇದ್ದರೆ ಆರ್‌ಎಫ್‌ಸಿ ಜೋಕುಗಳನ್ನು ನೋಡಿ. ಇಂಟರ್ನೆಟ್ ಹೇಗೆ ನಡೆಯಬೇಕು ಅಂತ ಬರೆಯುವ ಗಂಭೀರ ದಾಖಲೆಗಳ ನಡುವೆ ಏಪ್ರಿಲ್ 1ಕ್ಕೆ ಒಂದೊಂದು ತಮಾಷೆ ನುಸುಳುತ್ತದೆ. 1990ರದ್ದು ಪಾರಿವಾಳದ ಮೂಲಕ ಡೇಟಾ ಕಳಿಸುವ ಬಗ್ಗೆ. 2001ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಅದನ್ನು ಮಾಡಿಯೇ ನೋಡಿದರು, 9 ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳಿಸಿದರೆ 4ಕ್ಕೆ ಉತ್ತರ ಬಂತು. ದಾಖಲೆಗೆ ಸಂಖ್ಯೆ, ತಾರೀಕು, ಬರೆದವರ ಹೆಸರು ಎಲ್ಲ ಇದೆ, ನನ್ನಂಥವರಿಗೆ ಹಬ್ಬ. ಆದರೆ ಪ್ಯಾಕೆಟ್ ಅಂದರೇನು ಅಂತ ಪ್ರತಿಯೊಬ್ಬರಿಗೂ ವಿವರಿಸಬೇಕಾಗುತ್ತದೆ, ಅಷ್ಟರಲ್ಲಿ ಸಾಲು ಬೆಳೆದಿರುತ್ತದೆ.

ನೀವು ಸುಮ್ನೆ ಮೊಬೈಲಿನಲ್ಲಿ ನೋಡಿ ನಕ್ಕು ಮುಂದೆ ಹೋಗುವವರಾದರೆ ಮೀಮ್ ಪುಟಗಳೇ ಸಾಕು, ಪುಕ್ಕಟೆ ಸಿಗುತ್ತವೆ, ಪ್ಯಾಕ್‌ಗೆ ಮಾತ್ರ ದುಡ್ಡು ಹಾಕಬೇಡಿ. ನನ್ನ ಹಾಗೆ ಗೋಡೆಗೆ ಅಂಟಿಸಿ ಅದರ ಕೆಳಗೇ ಕೂತು ಕೆಲಸ ಮಾಡುವವರಾದರೆ ಚೀಟಿಗಳು. ಪುಸ್ತಕಕ್ಕೆ ಬಜೆಟ್ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಇರುವಷ್ಟರಿಂದಲೇ ಶುರು ಮಾಡಿ. ಮೊದಲು ಅಳಿಲಿನದನ್ನು ಹಾಕಿ.