ತುಮಕೂರಿನ ಹಳೆ ಬಡಾವಣೆಗಳಲ್ಲಿ ಎಸಿ ಸರ್ವಿಸ್: ಗ್ಯಾಸಿಗೆ ಮುಂಚೆ ಮನೆ ನೋಡುವವರನ್ನು ಕರೆಯಿರಿ

ತುಮಕೂರಿನಲ್ಲಿ ಮನೆ ಎಸಿ ಕೆಟ್ಟರೆ ಮೂರು ದಾರಿಗಳಿವೆ. ಕಂಪನಿಯ ಅಧಿಕೃತ ಸರ್ವಿಸ್, ಎಸಿ ಮಾರಿದ ಅಂಗಡಿಯವರು ಕಳಿಸುವ ಹುಡುಗರು, ಸ್ವಂತವಾಗಿ ಕೆಲಸ ಮಾಡುವ ಮೆಕ್ಯಾನಿಕ್‌ಗಳು. ಹೊಸ ಅಪಾರ್ಟ್‌ಮೆಂಟಿನಲ್ಲಿ ಮೂವರಲ್ಲಿ ಯಾರು ಬಂದರೂ ನಡೆಯುತ್ತದೆ. ಎಸ್.ಎಸ್. ಪುರಂ, ಅಶೋಕನಗರ, ಕ್ಯಾತ್ಸಂದ್ರದ ಮೂವತ್ತು ನಲವತ್ತು ವರ್ಷದ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಎಸಿಯ ದೂರುಗಳಲ್ಲಿ ದೊಡ್ಡ ಪಾಲು ಮನೆಯದ್ದೇ: ವೈರಿಂಗ್, ಗೋಡೆ, ನೀರು ಹೋಗುವ ಪೈಪು. ಮೆಷಿನ್ ಬಿಚ್ಚುವ ಮುಂಚೆ ಇವನ್ನು ನೋಡುವವರು ಯಾರು ಎನ್ನುವುದರ ಮೇಲೇ ಈ ವಿಮರ್ಶೆ.

ಕಂಪನಿ ಸರ್ವಿಸ್‌ನಿಂದ ಶುರು ಮಾಡೋಣ. ವಾರಂಟಿ ಇರುವಷ್ಟು ದಿನ ಬೇರೆ ಯಾರ ಕೈಗೂ ಕೊಡಬೇಡಿ, ಅದರಲ್ಲಿ ಎರಡು ಮಾತಿಲ್ಲ. ಅಸಲಿ ಪಿಸಿಬಿ (ಎಸಿಯ ಎಲೆಕ್ಟ್ರಾನಿಕ್ ಬೋರ್ಡ್), ಸೆನ್ಸರ್, ಫ್ಯಾನ್ ಮೋಟರ್ ಇವರಿಂದಲೇ ಸಿಗುವುದು. ಆದರೆ ‘ಕಂಪ್ರೆಸರಿಗೆ ಹತ್ತು ವರ್ಷ’ ಎನ್ನುವ ಸ್ಟಿಕ್ಕರ್ ನೋಡಿ ನಿಶ್ಚಿಂತರಾಗುವ ಮುಂಚೆ ಕಾರ್ಡಿನ ಹಿಂಬದಿ ಓದಿ. ಸಾಮಾನ್ಯವಾಗಿ ಕಂಪ್ರೆಸರ್ ಮಾತ್ರ ಉಚಿತ. ಗ್ಯಾಸ್, ಕೂಲಿ, ಸಾಗಣೆ ನಿಮ್ಮ ಲೆಕ್ಕಕ್ಕೆ. ವಾರ್ಷಿಕ ಒಪ್ಪಂದದಲ್ಲೂ ಎರಡು ಬಗೆ. ಕೂಲಿಗೆ ಮಾತ್ರ ಅನ್ವಯಿಸುವುದು ಒಂದು, ಬಿಡಿಭಾಗ ಸೇರಿದ್ದು ಇನ್ನೊಂದು. ಎರಡನೆಯದರಲ್ಲೂ ಪ್ಲಾಸ್ಟಿಕ್ ಭಾಗ, ತಾಮ್ರದ ಪೈಪು, ಸ್ಟ್ಯಾಂಡ್ ಹೊರಗುಳಿಯುವುದೇ ಹೆಚ್ಚು. ಇವರ ದೌರ್ಬಲ್ಯ ಏನೆಂದರೆ, ಪ್ಲಗ್ಗಿನ ಆಚೆಗಿನ ಯಾವುದೂ ತಮ್ಮ ಕೆಲಸವಲ್ಲ ಎನ್ನುವುದು. ಪಿಸಿಬಿ ಸುಟ್ಟರೆ ಬದಲಿಸಿ ಹೋಗುತ್ತಾರೆ. ಯಾಕೆ ಸುಟ್ಟಿತು ಎಂದು ವೈರ್ ಹಿಡಿದು ನೋಡುವವರು ಕಡಿಮೆ.

ನೋಡಬೇಕಾದದ್ದು ಅದನ್ನೇ. ಹಳೆ ಮನೆಗಳಲ್ಲಿ ಪವರ್ ಪಾಯಿಂಟಿಗೆ ಎಳೆದಿರುವುದು ಹೆಚ್ಚಾಗಿ 3/20 ವೈರು, ಅಂದರೆ ಸುಮಾರು 2 ಚದರ ಮಿ.ಮೀ. ಅದೂ ಬಚ್ಚಲುಮನೆಯ ಗೀಸರ್ ಜತೆ ಹಂಚಿಕೊಂಡ ಲೈನು. ಒಂದೂವರೆ ಟನ್ನಿಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ ಬಂದ 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರಿನ ಸಿ ಕರ್ವ್ ಎಂಸಿಬಿ (ಮೋಟರ್ ಶುರುವಾಗುವ ಕ್ಷಣದ ಹೆಚ್ಚಿನ ಕರೆಂಟ್ ತಾಳಿಕೊಳ್ಳುವ ಟ್ರಿಪ್ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಪರೀಕ್ಷೆ ಸುಲಭ. ಎಸಿ ಆಫ್ ಇದ್ದಾಗ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ, ಕಂಪ್ರೆಸರ್ ಓಡುವಾಗ ಮತ್ತೆ ಅಳೆಯಿರಿ. 225 ಇದ್ದದ್ದು 218ಕ್ಕೆ ಇಳಿದರೆ ಚಿಂತೆಯಿಲ್ಲ. 205ಕ್ಕೆ ಬಿದ್ದರೆ ಮೀಟರ್ ಬೋರ್ಡಿನಲ್ಲೂ ಒಮ್ಮೆ ಅಳೆಯಿರಿ. ಅಲ್ಲಿ ಇಳಿಯದೆ ಪ್ಲಗ್ಗಿನಲ್ಲಿ ಮಾತ್ರ ಇಳಿದಿದ್ದರೆ ವೈರೋ ಜಾಯಿಂಟೋ ಸರಿಯಿಲ್ಲ. ಅಲ್ಲೂ ಇಳಿದಿದ್ದರೆ ಬೆಸ್ಕಾಂ ಕಡೆಯಿಂದ ಬರುವ ಸರ್ವಿಸ್ ವೈರಿನ ಕಥೆ. ಮನೆಯೊಳಗಿನ ವೈರ್ ಹಾಗೇ ಇಟ್ಟು ಸ್ಟೆಬಿಲೈಸರ್ ತಂದರೆ ಅದು ವೋಲ್ಟೇಜ್ ಏರಿಸಲು ಇನ್ನಷ್ಟು ಕರೆಂಟ್ ಎಳೆಯುತ್ತದೆ, ಸಣ್ಣ ವೈರು ಇನ್ನಷ್ಟು ಕಾಯುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ಒಮ್ಮೆ ನೋಡಿ. ಎಷ್ಟೋ ಹಳೆ ಸಂಪರ್ಕಗಳು ಎಸಿಯ ಲೆಕ್ಕವಿಟ್ಟು ತೆಗೆದುಕೊಂಡವಲ್ಲ.

ಇನ್ನು ಅಂಗಡಿಯವರು ಕಳಿಸುವ ಹುಡುಗರು. ಕೂರಿಸುವುದರಲ್ಲಿ ವೇಗ, ಕಾರಣ ಹುಡುಕುವುದರಲ್ಲಿ ಅಷ್ಟಕ್ಕಷ್ಟೆ. ಸೀಸನ್ನಿನಲ್ಲಿ ದಿನಕ್ಕೆ ಹಲವು ಮನೆ ಮುಗಿಸಬೇಕಾದವರು ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದೇ ಅಪರೂಪ. ಔಟ್‌ಡೋರಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿ ಹೊರದೂಡುತ್ತಾರೆ. ಒಳಗೆ ಉಳಿದ ತೇವ ಕಂಪ್ರೆಸರ್ ಆಯಿಲ್ ಜತೆ ಸೇರಿ ಆಮ್ಲವಾಗುತ್ತದೆ. ಅದರ ಫಲ ಕಾಣುವುದು ವರ್ಷಗಳಾದ ಮೇಲೆ, ಆಗ ಯಾರನ್ನೂ ಕೇಳುವಂತಿರುವುದಿಲ್ಲ. ಪಂಪ್ ಹಾಕಿ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ (ನಿರ್ವಾತದ ಅಳತೆ) ಇಳಿಸಿ, ವಾಲ್ವ್ ಮುಚ್ಚಿ ಮುಳ್ಳು ನಿಲ್ಲುತ್ತದೆಯೇ ಎಂದು ನೋಡುವುದು ಸರಿಯಾದ ಕ್ರಮ.

ಇವರು ತಪ್ಪುವ ಇನ್ನೊಂದು ಜಾಗ ಗೋಡೆಯ ತೂತು. ನಮ್ಮ ಕಡೆಯ ಸೈಜುಗಲ್ಲಿನ ಗೋಡೆ ಒಂದಡಿಗೂ ಹೆಚ್ಚು ದಪ್ಪ. ಅದರಲ್ಲಿ ಹೊರಕ್ಕೆ ಇಳಿಜಾರು ಕೊಟ್ಟು ಕೊರೆಯುವುದು ಶ್ರಮದ ಕೆಲಸ, ಹಾಗಾಗಿ ನೇರ ಹೊಡೆದುಬಿಡುತ್ತಾರೆ. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರಾದರೂ ಇರಬೇಕು. ಇಲ್ಲದಿದ್ದರೆ ಟ್ರೇಯಲ್ಲಿ ಲೋಳೆ ಕಟ್ಟಿ, ಇಂಡೋರಿನಿಂದ ಗೋಡೆ ಮೇಲೆ ನೀರು. ಡ್ರೈನ್ ಪೈಪನ್ನು ಬಚ್ಚಲ ಮೋರಿಗೆ ಟ್ರ್ಯಾಪ್ (ನೀರು ನಿಂತು ಮೋರಿಯ ಗಾಳಿ ತಡೆಯುವ ಬಾಗು) ಇಲ್ಲದೆ ಸೇರಿಸಿದ ಮನೆಗಳೂ ಇವೆ. ಮೋರಿಯ ಹೈಡ್ರೋಜನ್ ಸಲ್ಫೈಡ್ ಅದೇ ಪೈಪಿನಲ್ಲಿ ಮೇಲೆ ಹತ್ತಿ, ಗಾಳಿ ತಣ್ಣಗಾಗಿಸುವ ಇಂಡೋರ್ ಕಾಯಿಲಿನ ತಾಮ್ರವನ್ನು ತಿನ್ನುತ್ತದೆ. ಕಾಯಿಲ್ ಕಪ್ಪಗಾಗಿ ಸೂಜಿಮೊನೆಯಷ್ಟು ತೂತು ಬಿದ್ದ ಮೇಲೆ ಎಷ್ಟು ಸಲ ಗ್ಯಾಸ್ ತುಂಬಿದರೂ ಅಷ್ಟೆ.

ಗ್ಯಾಸಿನ ಮಾತು ಬಂತು. ತುಮಕೂರಿನಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಅತಿ ಹೆಚ್ಚು ಮಾರಾಟವಾಗುವ ವಾಕ್ಯ ‘ಗ್ಯಾಸ್ ಕಡಿಮೆಯಾಗಿದೆ ಸಾರ್’ ಎನ್ನುವುದೇ ಇರಬೇಕು. ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಸವೆಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಮೊದಲು ಪೈಪಿನ ಜಾಯಿಂಟುಗಳಲ್ಲಿರುವ ಫ್ಲೇರ್ ನಟ್‌ಗಳಿಗೆ ಸೋಪಿನ ನೊರೆ, ಅಲ್ಲಿ ಸಿಗದಿದ್ದರೆ ನೈಟ್ರೋಜನ್ ಒತ್ತಡ. ಸೋರಿಕೆ ಹುಡುಕದೆ ಟಾಪ್ ಅಪ್ ಮಾಡುವವರಿಗೆ ದುಡ್ಡು ಕೊಡುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಕಾಯಿಲ್ ಮೇಲೆ ಐಸ್ ಕಟ್ಟಿದರೂ ಅದು ಗ್ಯಾಸಿನದ್ದೇ ತಪ್ಪು ಎಂದು ಹೇಳಲಾಗದು. ಫಿಲ್ಟರ್ ಕಟ್ಟಿಕೊಂಡು ಗಾಳಿ ಹಾಯದಿದ್ದರೂ ಐಸ್ ಕಟ್ಟುತ್ತದೆ. ಆದ್ದರಿಂದ ಮೊದಲು ತೊಳೆಯುವುದು, ಆಮೇಲೆ ಒತ್ತಡ ಅಳೆಯುವ ಗೇಜ್ ಹಾಕುವುದು. ಓಡುವಾಗ ಹಳೆ ಗ್ಯಾಸಾದ ಆರ್22 ಇರುವ ಎಸಿಯಲ್ಲಿ ಸಕ್ಷನ್ ಒತ್ತಡ (ಕಂಪ್ರೆಸರಿಗೆ ಮರಳುವ ಗ್ಯಾಸಿನದ್ದು) ಸುಮಾರು 60ರಿಂದ 70 ಪಿಎಸ್‌ಐ, ಈಚಿನ ಗ್ಯಾಸುಗಳಾದ ಆರ್410ಎ ಮತ್ತು ಆರ್32ರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಬದಲಾಗುತ್ತಲೇ ಇರುವುದರಿಂದ, ವೇಗ ಒಂದೇ ಕಡೆ ನಿಲ್ಲಿಸುವ ಟೆಸ್ಟ್ ಮೋಡ್‌ಗೆ ಹಾಕದೆ ಗೇಜ್ ನೋಡಿ ಹೇಳಿದ್ದಕ್ಕೆ ಬೆಲೆಯಿಲ್ಲ. ಪೂರ್ತಿ ತುಂಬಿಸುವುದಾದರೆ ಔಟ್‌ಡೋರಿನ ನೇಮ್ ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಂ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು. ಆರ್32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಒಳಗೆ ಗ್ಯಾಸ್ ಇರುವಾಗಲೇ ಪೈಪು ಬೆಸೆಯುವ ಬ್ರೇಜಿಂಗ್ ಟಾರ್ಚ್ ಹಚ್ಚುವವರನ್ನು ಅಲ್ಲೇ ತಡೆಯಿರಿ.

ಸ್ವಂತ ಮೆಕ್ಯಾನಿಕ್‌ಗಳಲ್ಲಿ ಅತ್ಯುತ್ತಮರೂ ಇಲ್ಲೇ, ಅತಿ ಕೆಟ್ಟವರೂ ಇಲ್ಲೇ. ಬ್ಯಾಗ್ ಬಿಚ್ಚಿದಾಗಲೇ ಗೊತ್ತಾಗುತ್ತದೆ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಕೆಪಾಸಿಟರ್ ಅಳೆಯಲು ಮೈಕ್ರೋಫ್ಯಾರಡ್ ತೋರಿಸುವ ಮೀಟರ್, ಥರ್ಮಾಮೀಟರ್, ವ್ಯಾಕ್ಯೂಮ್ ಪಂಪ್ ಇದ್ದರೆ ಒಳ್ಳೆ ಲಕ್ಷಣ. ಸ್ಕ್ರೂಡ್ರೈವರ್ ಮತ್ತು ಗ್ಯಾಸ್ ಕ್ಯಾನ್ ಮಾತ್ರ ಇದ್ದರೆ ಚಹಾ ಕೊಟ್ಟು ಕಳಿಸಿ. ಒಳ್ಳೆಯವರು ಕೈ ಹಚ್ಚುವ ಮುಂಚೆ ಮೂರು ಅಳತೆ ತೆಗೆಯುತ್ತಾರೆ: ವೋಲ್ಟೇಜ್, ಆಂಪಿಯರ್, ಇಂಡೋರ್ ಎಳೆಯುವ ಮತ್ತು ಬಿಡುವ ಗಾಳಿಯ ಉಷ್ಣತೆ. ಈ ಎರಡರ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದು ಕೋಣೆ ಮಾತ್ರ ತಣ್ಣಗಾಗುತ್ತಿಲ್ಲ ಎಂದರೆ ಎಸಿ ಸರಿಯಿದೆ. ಬಿಸಿಲು ಕುಡಿದ ತಾರಸಿ, ಹನ್ನೊಂದು ಅಡಿ ಎತ್ತರದ ಸೂರು, ಮುಚ್ಚದ ವೆಂಟಿಲೇಟರ್ ಕಾರಣ. ಕರೆಂಟ್ ನೇಮ್ ಪ್ಲೇಟಿಗಿಂತ ತೀರಾ ಕಡಿಮೆ, ಒತ್ತಡವೂ ಕಡಿಮೆ ಎಂದರೆ ಸೋರಿಕೆಯ ಅನುಮಾನ. ಕರೆಂಟ್ ಹೆಚ್ಚಿದ್ದು, ಮಧ್ಯಾಹ್ನ ಟ್ರಿಪ್ ಆಗಿ ರಾತ್ರಿ ಚೆನ್ನಾಗಿ ಓಡಿದರೆ ಔಟ್‌ಡೋರ್ ಕಾಯಿಲಿಗೆ ಧೂಳು ಕೂತಿದೆ. ಬಿ.ಎಚ್. ರಸ್ತೆಯ ಅಕ್ಕಪಕ್ಕದ ಮನೆಗಳವರು ಇದನ್ನೇ ಮೊದಲು ನೋಡಲಿ.

‘ಕಂಪ್ರೆಸರ್ ಹೋಗಿದೆ’ ಎಂದಾಗಲೂ, ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಅಳೆದಿರಾ ಎಂದು ಕೇಳಿ. ಇನ್ವರ್ಟರ್ ಅಲ್ಲದ ಎಸಿಯಲ್ಲಿ ಕಂಪ್ರೆಸರ್ ಗುಂಯ್ ಎಂದು ಕೆಲವು ಸೆಕೆಂಡಿನಲ್ಲಿ ನಿಂತರೆ ಮೊದಲ ಗುಮಾನಿ ಅದರ ಮೇಲೆ. 45 ಮೈಕ್ರೋಫ್ಯಾರಡ್ ಎಂದು ಬರೆದದ್ದು 40ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಬೇಕು. ಕೆಲವು ನೂರು ರೂಪಾಯಿಯ ಮಾತು. ಇನ್ವರ್ಟರಿನಲ್ಲಿ ತೊಂದರೆ ಬೇರೆ. ಬೆಚ್ಚಗಿರುವ ಔಟ್‌ಡೋರ್ ಬೋರ್ಡಿನ ಮೇಲೆ ಹಲ್ಲಿ ಹತ್ತಿ ಶಾರ್ಟ್ ಆಗುತ್ತದೆ. (ಹಲ್ಲಿ ಬಿದ್ದರೆ ಶಕುನ ನೋಡುವವರು ಇಲ್ಲಿ ಪಿಸಿಬಿಯ ಬೆಲೆ ನೋಡಬೇಕು.) ವೈರ್ ಹೋಗುವ ಸಂದಿಗಳನ್ನು ಪುಟ್ಟಿಯಿಂದ ಮುಚ್ಚಿಸಿ, ಗಾಳಿಯ ದಾರಿ ಮಾತ್ರ ಬಿಡಿ.

ತುಮಕೂರಿನ ಹವೆಗೆ ವರ್ಷಕ್ಕೆ ಎರಡು ಜೆಟ್ ಸರ್ವಿಸ್ (ನೀರನ್ನು ರಭಸವಾಗಿ ಹಾಯಿಸಿ ತೊಳೆಯುವುದು) ಸಾಕು. ಫೆಬ್ರವರಿಯಲ್ಲಿ ಒಂದು, ಮಳೆ ಮುಗಿದ ಮೇಲೆ ಒಂದು. ಮೂರು ತಿಂಗಳಿಗೊಮ್ಮೆ ಎಂದು ಮಾರುವ ಪ್ಯಾಕೇಜ್ ಅಂಗಡಿ, ಕ್ಲಿನಿಕ್‌ಗಳಿಗೆ ಸರಿ, ಮನೆಗೆ ದಂಡ. ಫಿಲ್ಟರ್ ಮಾತ್ರ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀವೇ ತೊಳೆದು ನೆರಳಿನಲ್ಲಿ ಒಣಗಿಸಿ. ಔಟ್‌ಡೋರ್ ತಣ್ಣಗಿರಲಿ ಎಂದು ದಿನಾ ಬೋರ್‌ವೆಲ್ ನೀರು ಎರಚುವ ಅಭ್ಯಾಸ ಬಿಡಿ. ಗಡಸು ನೀರು ಆರಿ ಫಿನ್‌ಗಳ ನಡುವೆ ಬಿಳಿ ಉಪ್ಪು ಕಟ್ಟುತ್ತದೆ, ಆಮೇಲೆ ಜೆಟ್ಟಿಗೂ ಬಗ್ಗುವುದಿಲ್ಲ.

ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜಿಂಗ್’ ಎಂದಷ್ಟೇ ಬರೆಯಲು ಬಿಡಬೇಡಿ. ಯಾವ ಗ್ಯಾಸ್, ಎಷ್ಟು ಗ್ರಾಂ, ಸೋರಿಕೆ ಎಲ್ಲಿ ಸಿಕ್ಕಿತು, ಆ ಜಾಯಿಂಟಿಗೆ ಎಷ್ಟು ದಿನದ ಗ್ಯಾರಂಟಿ, ಇಷ್ಟೂ ಇರಲಿ. ಹಾಗೆ ಬರೆದುಕೊಡಲು ಒಪ್ಪದವರು ಕಂಪನಿಯವರಾದರೂ ನಮ್ಮ ಮೆಚ್ಚುಗೆ ಇಲ್ಲ. ಮಾತು ಮುಂದುವರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮರದ ಕಿಟಕಿಯಲ್ಲಿ ಕೂತಿರುವ ಹಳೆ ಆರ್22 ವಿಂಡೋ ಎಸಿ ಇಟ್ಟುಕೊಳ್ಳಬೇಕೇ ಎನ್ನುವ ಪ್ರಶ್ನೆ ಇದ್ದೇ ಇದೆ. ಕೆಪಾಸಿಟರ್, ಫ್ಯಾನ್ ಮೋಟರ್, ಥರ್ಮೋಸ್ಟಾಟ್ ಹೋದರೆ ರಿಪೇರಿ ಮಾಡಿಸಿ. ವಿಂಡೋ ಎಸಿಯಷ್ಟು ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಮೆಷಿನ್ ಬೇರೆ ಇಲ್ಲ. ಕಾಯಿಲ್ ತೂತಾಗಿದ್ದರೆ ಅಥವಾ ಕಂಪ್ರೆಸರ್ ಹೋಗಿದ್ದರೆ ಅದರ ಮೇಲೆ ದುಡ್ಡು ಸುರಿಯಬೇಡಿ. ಓಜೋನ್ ಪದರ ಕೆಡಿಸುವ ಈ ಗ್ಯಾಸನ್ನು ಭಾರತ 2030ರ ಹೊತ್ತಿಗೆ ಕೈಬಿಡಬೇಕಿದೆ, ಸಿಗುವುದೂ ಕಷ್ಟವಾಗುತ್ತ ಹೋಗುತ್ತದೆ. ಆರ್22 ಎಸಿಗೆ ಆರ್32 ಅಥವಾ ಆರ್410ಎ ತುಂಬಿ ಕೊಡುತ್ತೇನೆ ಎನ್ನುವವರ ಮಾತಿಗೆ ಒಪ್ಪಬೇಡಿ: ಆ ಒತ್ತಡಕ್ಕೆ ಹಳೆ ಕಾಯಿಲೂ ತಯಾರಾದದ್ದಲ್ಲ, ಕಂಪ್ರೆಸರಿನ ಆಯಿಲೂ ಅದಕ್ಕೆ ಹೊಂದುವುದಿಲ್ಲ.