ಮೂಗಿನ ನಡುಗೋಡೆ ಬಾಗಿದ್ದರೆ: ಸ್ಪ್ರೇಯೇ, ಶಸ್ತ್ರಚಿಕಿತ್ಸೆಯೇ?

ಮುಂಬಯಿ ಬಳಿಯ ಡೊಂಬಿವಲಿಯ ಗೆಳೆಯರೊಬ್ಬರು, ಕ್ರಿಕೆಟ್ ಚೆಂಡು ಬಡಿದು ಮೂಗಿನ ನಡುಗೋಡೆ ಬಾಗಿರುವ ತಮ್ಮ ಮಗನಿಗೆ ಸ್ಪ್ರೇ ಸಾಕೇ, ನಡುಗೋಡೆಯನ್ನು ನೆಟ್ಟಗಾಗಿಸುವ ಶಸ್ತ್ರಚಿಕಿತ್ಸೆಯಾದ ಸೆಪ್ಟೋಪ್ಲಾಸ್ಟಿ ಬೇಕೇ, ಇಲ್ಲವೇ ಹೊರ ಆಕಾರವನ್ನೂ ತಿದ್ದುವ ಸೆಪ್ಟೋರೈನೋಪ್ಲಾಸ್ಟಿಯೇ ಸರಿಯೇ ಎಂದು ಕೇಳಿದ್ದಾರೆ. ಈ ಬಾಗು ಪೆಟ್ಟಿನಿಂದಷ್ಟೇ ಅಲ್ಲ, ಹುಟ್ಟಿನಿಂದಲೂ ಬರಬಹುದು. ಅಲ್ಪಸ್ವಲ್ಪ ಬಾಗು ಬಹಳ ಜನರಲ್ಲಿರುತ್ತದೆ, ಉಸಿರಾಟಕ್ಕೆ ತೊಡಕಿಲ್ಲದಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ.

ವೈದ್ಯರು ಹೊಳ್ಳೆಗಳ ಕೆಳಗೆ ತಣ್ಣನೆಯ ಲೋಹದ ಪಟ್ಟಿ ಹಿಡಿದಾಗ ಅದರ ಮೇಲೆ ಮೂಡುವ ಎರಡು ಮಂಜಿನ ಗುರುತುಗಳಲ್ಲಿ ಒಂದು ಚಿಕ್ಕದಾಗಿದ್ದರೆ, ಆ ಬದಿಯಲ್ಲಿ ಗಾಳಿ ಕಡಿಮೆ ಎಂದು ತಿಳಿಯುತ್ತದೆ. ಸ್ಟೀರಾಯ್ಡ್ ಸ್ಪ್ರೇ ನಡುಗೋಡೆಯ ಮೃದ್ವಸ್ಥಿಯನ್ನು (ಮೆದು ಎಲುಬನ್ನು) ನೆಟ್ಟಗಾಗಿಸದು. ಒಳಪೊರೆಯ ಊತವನ್ನಷ್ಟೇ ಇಳಿಸುತ್ತದೆ. ಮುಂಬಯಿಯ ಮಳೆಗಾಲದಲ್ಲಿ, ಮನೆಯ ಗೋಡೆಗೆ ಬೂಷ್ಟು ಹಿಡಿದಾಗ ಮಾತ್ರ ಮೂಗು ಕಟ್ಟುವವರಿಗೆ ಅದೇ ಮೊದಲ ಆಯ್ಕೆ, ಖರ್ಚೂ ಕಡಿಮೆ. ತಕ್ಷಣ ಮೂಗು ಬಿಡಿಸುವ ಹನಿಗಳನ್ನು ಮಾತ್ರ ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಕಟ್ಟುವಿಕೆ ಮರಳಿ ಬಲಿಯುತ್ತದೆ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ವರ್ಷವಿಡೀ ಒಂದೇ ಬದಿ ಮುಚ್ಚಿದ್ದು, ಸ್ಪ್ರೇಗೂ ಬಗ್ಗದಿದ್ದರೆ ಸೆಪ್ಟೋಪ್ಲಾಸ್ಟಿ ಯೋಗ್ಯ. ಹೊಳ್ಳೆಯೊಳಗಿಂದಲೇ ಮಾಡುವುದರಿಂದ ಮುಖದ ಮೇಲೆ ಗಾಯದ ಗುರುತು ಉಳಿಯದು, ಹೊರರೂಪವೂ ಸಾಮಾನ್ಯವಾಗಿ ಬದಲಾಗದು. ಆದರೆ ಕೆಲವು ದಿನ ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯದೆ, ಭಾರ ಎತ್ತದೆ, ಲೋಕಲ್ ರೈಲಿನ ನೂಕುನುಗ್ಗಲಿನಿಂದ ದೂರವಿರಬೇಕು. ಹೊರಮೂಗೂ ಸೊಟ್ಟಗಾಗಿದ್ದರೆ ಮೂರನೆಯದಾದ ಸೆಪ್ಟೋರೈನೋಪ್ಲಾಸ್ಟಿ ಸೂಕ್ತ. ಖರ್ಚು ಹೆಚ್ಚು, ಊತ ಪೂರ್ಣ ಇಳಿಯಲು ಒಂದು ವರ್ಷವೂ ಹಿಡಿಯಬಹುದು. ಕೇವಲ ಅಂದಕ್ಕಾಗಿ ಮಾಡಿಸುವ ಭಾಗಕ್ಕೆ ವಿಮೆ ಸಾಮಾನ್ಯವಾಗಿ ಹಣ ಕೊಡದು. ಹುಡುಗನ ಮೂಗು ಇನ್ನೂ ಬೆಳೆಯುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ.